ಹೈಬ್ರಿಡ್ ಕಾರಿನ ಮೈಲೇಜ್ ಬಿದ್ರೆ ಗೇಜ್ ಸಿಗ್ಸಿ ದೋಷ ಹುಡುಕೋದು ಹೇಗೆ

ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಹೈಬ್ರಿಡ್ ಗಾಡಿ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರೋದು) ಮೈಲೇಜ್ ಲೀಟರ್‌ಗೆ 22ರಿಂದ 17 ಕಿ.ಮೀ.ಗೆ ಬಂದು ಕೂತಿತ್ತು. ಒಂದೇ ದಿನಕ್ಕೆ ಬಿದ್ದಿದ್ರೆ ತಕ್ಷಣ ಗೊತ್ತಾಗ್ತಿತ್ತೇನೋ, ಆದ್ರೆ ಜೂನಲ್ಲಿ 21, ಜುಲೈಲಿ 20, ಆಗಸ್ಟಲ್ಲಿ 18 ಹೀಗೆ ಮೆಲ್ಲಗೆ ಜಾರ್ತಾ ಹೋಯ್ತು, ಚಿಕ್ಕಮಗಳೂರಿನ ಮಳೆ ಅಲ್ವಾ, ರೋಡ್ ಹಾಳಾಗಿದೆ ಅಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡು ಸುಮ್ನಿದ್ದೆ. ಸರ್ವಿಸ್‌ಗೆ ಬಿಟ್ಟಾಗ ಅವರು ಕಂಪ್ಯೂಟರ್ ಹಾಕಿ ನೋಡಿ "ದೋಷದ ಕೋಡ್ ಏನೂ ಬಂದಿಲ್ಲ ಸಾರ್, ಓಡ್ಸೋ ರೀತಿ ಸ್ವಲ್ಪ ಬದಲಾಯಿಸ್ಕೊಳಿ" ಅಂದ್ರು. ಓಡ್ಸೋನು ಅದೇ ನಾನು, ದಾರಿ ಅದೇ ಬೇಲೂರು ಮೇಲೆ ಹಾಸನ, ಹೊತ್ತು ಕೂಡ ಅದೇ, ಹಾಗಿದ್ಮೇಲೆ ಐದು ಕಿಲೋಮೀಟರ್ ಎಲ್ಲಿ ಹೋಯ್ತು ಅನ್ನೋದು ತಲೇಲಿ ಕೊರೀತಾನೇ ಇತ್ತು. ಕೊನೆಗೆ ಡ್ಯಾಶ್‌ಬೋರ್ಡ್ ಕೆಳಗೆ ಸಿಗ್ಸಿದ್ರೆ ಎಂಜಿನ್ ಕಂಪ್ಯೂಟರ್‌ನ ನಂಬರ್‌ಗಳನ್ನ ತೋರ್ಸೋ ಗೇಜ್ ಒಂದು ತಗೊಂಡು ಎರಡು ವಾರ ಕೂತು ಹುಡುಕಿದೆ, ಸಿಕ್ತು. ಹುಡುಕಿದ ದಾರೀನ ಇಲ್ಲಿ ಪೂರ್ತಿ ಬರೀತಾ ಇದೀನಿ, ಯಾಕಂದ್ರೆ ಗೇಜ್ ತಗೊಂಡೋರು ಸುಮಾರು ಜನ ಅದ್ರಲ್ಲಿ ಓಡೋ ನಂಬರ್ ನೋಡಿ ಖುಷಿ ಪಡ್ತಾರೆ, ಆ ನಂಬರ್‌ಗಳಿಂದ ಯಾವ್ಯಾವುದು ಸರಿ ಇದೆ ಅಂತ ಒಂದೊಂದೇ ಬಿಡಿಸ್ಕೊಂಡು ಬಂದ್ರೆ ಕೆಟ್ಟಿರೋದು ತಾನಾಗೇ ಉಳ್ಕೊಳುತ್ತೆ ಅನ್ನೋದನ್ನ ಯಾರೂ ಹೇಳ್ಕೊಡಲ್ಲ.

ಮೊದಲು ಗೇಜ್ ಸಾಚಾನಾ ನೋಡಿ

ಸ್ಟೀರಿಂಗ್ ಕೆಳಗೆ, ಕಾಲಿನ ಹತ್ರ, 16 ಪಿನ್ನಿನ ಒಂದು ಸಾಕೆಟ್ ಇರುತ್ತೆ, ಅದೇ ಒಬಿಡಿ ಪೋರ್ಟ್. ಗೇಜ್ ಅಲ್ಲಿಂದಾನೇ ಕರೆಂಟೂ ತಗೊಳುತ್ತೆ, ಎಂಜಿನ್ ಕಂಪ್ಯೂಟರ್ ಹತ್ರ ಮಾತೂ ಆಡುತ್ತೆ. ಸಿಗ್ಸಿದ್ರೂ ಕನೆಕ್ಟ್ ಆಗ್ತಿಲ್ಲ ಅಂದ್ರೆ ಫಸ್ಟ್ ಗಾಡಿ ರೆಡಿ ಲೈಟ್‌ಗೆ (ಓಡೋಕೆ ತಯಾರು ಅಂತ ಹತ್ತೋ ಲೈಟ್) ಬಂದಿದೆಯಾ ನೋಡಿ, ಬರೀ ಆಕ್ಸೆಸರೀಲಿ ಇಟ್ಕೊಂಡು ಒದ್ದಾಡೋರು ಜಾಸ್ತಿ. ಆಮೇಲೆ ಸೆಟಪ್ಪಲ್ಲಿ ಪ್ರೋಟೋಕಾಲ್, ಅಂದ್ರೆ ಗೇಜ್ ಗಾಡಿ ಹತ್ರ ಮಾತಾಡೋ ಭಾಷೆ, ಅನ್ನೋ ಕಡೆ ಕ್ಯಾನ್ (CAN) ಅಂತ ಇಟ್ಟು ಟ್ರೈ ಮಾಡಿ. ಕಡಿಮೆ ರೇಟಿನ ಬ್ಲೂಟೂತ್ ಅಡಾಪ್ಟರ್‌ಗಳಲ್ಲಿ ಡೂಪ್ಲಿಕೇಟ್ ಚಿಪ್ ಇರುತ್ತೆ, ಸ್ಪೀಡು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಅಷ್ಟು ತೋರ್ಸಿ ಮಿಕ್ಕಿದ್ದು ಕೇಳಿದ್ರೆ ಉತ್ತರಾನೇ ಕೊಡಲ್ಲ, ಅದಕ್ಕೆ ಮದ್ದಿಲ್ಲ, ಬೇರೆ ತಗೊಳಿ ಅಷ್ಟೇ.

ಹೈಬ್ರಿಡ್‌ಗೆ ಮಾತ್ರ ಬರೋ ತೊಂದರೆ ಒಂದಿದೆ. ಕೆಲವು ಗೇಜ್‌ಗಳು ಆರ್‌ಪಿಎಂ ಸೊನ್ನೆ ಆದ ತಕ್ಷಣ ಗಾಡಿ ಆಫ್ ಆಯ್ತು ಅಂತ ತಿಳ್ಕೊಂಡು ಮಲಗಿಬಿಡ್ತವೆ, ಟ್ರಿಪ್ ಲೆಕ್ಕ ಅಲ್ಲಿಗೇ ಕಟ್. ನಮ್ಮ ಗಾಡಿ ಹನುಮಂತಪ್ಪ ಸರ್ಕಲ್‌ನಲ್ಲಿ ನಿಂತಾಗ, ಇಳಿಜಾರಲ್ಲಿ ಜಾರುವಾಗ, ನಿಧಾನ ಹೋಗುವಾಗ ಎಲ್ಲಾ ಎಂಜಿನ್ ಆಫ್ ಆಗೇ ಇರುತ್ತಲ್ಲ, ಆ ಬ್ಯಾಟರಿ ಕಿಲೋಮೀಟರ್ ಎಲ್ಲಾ ಲೆಕ್ಕಕ್ಕೆ ಬರದೇ ಹೋದ್ರೆ ಮೈಲೇಜ್ ಬಿದ್ದಂಗೆ ಕಾಣುತ್ತೆ, ಬಿದ್ದಿರಲ್ಲ. ಸೆಟಪ್ಪಲ್ಲಿ ಫ್ಯೂಯೆಲ್ ಟೈಪ್ ಅನ್ನೋ ಕಡೆ ಹೈಬ್ರಿಡ್ ಅಂತ ಆಪ್ಷನ್ ಇದ್ರೆ ಅದನ್ನೇ ಹಾಕಿ.

ಇನ್ನೊಂದು, ಗೇಜ್ ತೋರ್ಸೋ ಮೈಲೇಜ್‌ನ ಹಾಗೇ ನಂಬಬೇಡಿ. ಅದು ಪೆಟ್ರೋಲ್‌ನ ಅಳೆಯಲ್ಲ ಕಣ್ರೀ, ಎಂಜಿನ್ ಒಳಗೆ ಎಷ್ಟು ಗ್ರಾಂ ಗಾಳಿ ಹೋಯ್ತು ಅಂತ ಎಂಎಎಫ್ ಸೆನ್ಸರ್ ಹೇಳಿದ್ದನ್ನ ಕೇಳ್ಕೊಂಡು, 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್ ಅನ್ನೋ ಲೆಕ್ಕದಲ್ಲಿ ಭಾಗಾಕಾರ ಮಾಡುತ್ತೆ. ಅದು ಶುದ್ಧ ಪೆಟ್ರೋಲ್‌ನ ಲೆಕ್ಕ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು, ಅದಕ್ಕೆ 13.5ರ ಆಸುಪಾಸು ಗಾಳಿ ಸಾಕು, ಅಂದ್ರೆ ಅಷ್ಟೇ ಗಾಳಿಗೆ ಜಾಸ್ತಿ ಎಣ್ಣೆ ಹೋಗಿರುತ್ತೆ. ಹಾಗಾಗಿ ಹಳೇ ಲೆಕ್ಕದ ಗೇಜ್ ಮೈಲೇಜ್‌ನ ಎಂಟೊಂಬತ್ತು ಪರ್ಸೆಂಟ್ ಉಬ್ಬಿಸಿ ತೋರ್ಸುತ್ತೆ. ಸರಿ ಮಾಡೋಕೆ ಟ್ಯಾಂಕ್ ಟು ಟ್ಯಾಂಕ್ ಲೆಕ್ಕಾನೇ ಗತಿ. ಒಂದೇ ಬಂಕು, ಸಾಧ್ಯ ಆದ್ರೆ ಒಂದೇ ಪಂಪು, ಮೊದಲ್ನೇ ಸಲ ಟಕ್ ಅಂತ ಕಟ್ ಆದ ತಕ್ಷಣ ನಿಲ್ಸಿ. "ರೌಂಡ್ ಮಾಡ್ಲಾ ಅಣ್ಣ" ಅಂತ ಹುಡುಗರು ಕೇಳೇ ಕೇಳ್ತಾರೆ, ಬೇಡ ಅನ್ನಿ. ನನ್ನ ಮೊದಲ್ನೇ ಟ್ಯಾಂಕಲ್ಲಿ 536 ಕಿ.ಮೀ.ಗೆ 31.4 ಲೀಟರ್ ಹಿಡೀತು, ಅಂದ್ರೆ 17.1, ಗೇಜ್ ಮಾತ್ರ 18.6 ಅಂತಿತ್ತು. ಹಾಕಿದ ಲೀಟರ್‌ನ ಗೇಜಿನ ಫಿಲ್ ಅಪ್ ಮೆನುವಲ್ಲಿ ಕೊಟ್ರೆ ಅದು ತಾನೇ ತಿದ್ಕೊಳುತ್ತೆ, ಮೂರು ಟ್ಯಾಂಕ್ ಹೊತ್ತಿಗೆ ನನ್ನದು ಬಂಕಿನ ಲೆಕ್ಕಕ್ಕೆ ಹೊಂದ್ಕೊಂಡು ನಿಂತ್ಕೊಂಡ್ತು.

ಎಥನಾಲ್‌ದೇ ಕಾರಣ ಅಂತ ಸುಮಾರು ಜನ ಹೇಳಿದ್ರು. ಶುದ್ಧ ಪೆಟ್ರೋಲ್‌ಗೆ ಹೋಲಿಸಿದ್ರೆ 20 ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲಲ್ಲಿ (E20) ಶಕ್ತಿ ಆರೇಳು ಪರ್ಸೆಂಟ್ ಕಡಿಮೆ ಇರೋದು ನಿಜ. ಆದ್ರೆ ನಮ್ಮದು ಬಿದ್ದಿದ್ದು 22ರಿಂದ 17ಕ್ಕೆ, ಅಂದ್ರೆ 22 ಪರ್ಸೆಂಟಿಗಿಂತ ಜಾಸ್ತಿ, ಅದೂ 22 ಬರ್ತಿದ್ದಾಗ್ಲೂ ಹಾಕಿಸ್ತಿದ್ದಿದ್ದು ಇದೇ ಎಣ್ಣೆ. ಎಣ್ಣೆ ಮೇಲೆ ಹಾಕಿ ಕೈ ತೊಳ್ಕೊಳೋ ಹಾಗಿರ್ಲಿಲ್ಲ.

ಎಂಜಿನ್ ಬಿಸಿ ಆಗ್ತಿದೆಯಾ

ಹೈಬ್ರಿಡ್‌ನಲ್ಲಿ ಮೈಲೇಜ್ ತಿನ್ನೋ ಮೊದಲ್ನೇ ಕಳ್ಳ ತಣ್ಣಗಿರೋ ಎಂಜಿನ್. ಕೂಲೆಂಟ್, ಅಂದ್ರೆ ಎಂಜಿನ್ ಸುತ್ತ ಓಡಾಡೋ ನೀರು, ಒಂದು ಮಟ್ಟಕ್ಕೆ ಬಿಸಿ ಆಗೋ ತನಕ ಕಂಪ್ಯೂಟರ್ ಎಂಜಿನ್‌ನ ಆಫ್ ಮಾಡೋಕೇ ಬಿಡಲ್ಲ, ಬ್ಯಾಟರಿ ತುಂಬಿದ್ರೂ ಅಷ್ಟೇ, ನೀವು ಸಿಗ್ನಲ್ಲಲ್ಲಿ ನಿಂತಿದ್ರೂ ಅಷ್ಟೇ. ಗೇಜಲ್ಲಿ ವಾಟರ್ ಟೆಂಪರೇಚರ್ ಅಂತ ಇರೋದನ್ನ ಒಂದು ಮೂಲೇಲಿ ಪರ್ಮನೆಂಟಾಗಿ ಇಟ್ಕೊಳಿ. ನಮ್ಮದು ಡಿಸೆಂಬರ್ ಬೆಳಿಗ್ಗೆ 16 ಡಿಗ್ರೀಲಿ ಶುರು ಆಗುತ್ತೆ, ಐದಾರು ಕಿಲೋಮೀಟರ್ ಒಳಗೆ 70 ದಾಟುತ್ತೆ, ಆಮೇಲೆ 84ರಿಂದ 90ರ ಮಧ್ಯೆ ಆಡ್ಕೊಂಡಿರುತ್ತೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ್ಮೇಲೂ 65, 68 ಅಂತ ತೇಲ್ತಾ ಇದ್ರೆ, ಅದ್ರಲ್ಲೂ ಇಳಿಜಾರಲ್ಲಿ ಸರ್ರನೆ ಇಳಿದು ಹೋದ್ರೆ, ಥರ್ಮೋಸ್ಟಾಟ್, ಅಂದ್ರೆ ಕೂಲೆಂಟ್ ರೇಡಿಯೇಟರ್‌ಗೆ ಹೋಗೋದನ್ನ ತಡೆಯೋ ವಾಲ್ವ್, ತೆರ್ಕೊಂಡೇ ನಿಂತಿದೆ ಅಂತ ಅರ್ಥ. ಪಿ0128 ಅನ್ನೋ ಕೋಡ್ ಬರೋದು ಇದಕ್ಕೇನೇ, ಆದ್ರೆ ಆ ಕೋಡ್ ಬರೋಕೆ ಮುಂಚೆ ಎಷ್ಟೋ ದಿನ ಪೆಟ್ರೋಲ್ ಹೋಗ್ತಾನೇ ಇರುತ್ತೆ.

ಇಲ್ಲಿ ನಮ್ಮ ಮಲೆನಾಡಿನೋರಿಗೆ ಒಂದು ಮಾತು ಹೇಳ್ಲೇಬೇಕು. ಮಳೇಲಿ ಗಾಜು ಮಂಜಾದ್ರೆ ಎಲ್ರೂ ಬಿಸಿ ಗಾಳಿ ಫುಲ್ ಇಡ್ತಾರೆ. ಆ ಬಿಸಿ ಬರೋದು ಕೂಲೆಂಟಿಂದ, ಹಾಗಾಗಿ ಆಫ್ ಆಗಬೇಕಿದ್ದ ಎಂಜಿನ್ ನಿಮ್ಮ ಗಾಜು ಒರೆಸೋಕೇ ಅಂತ ಓಡ್ತಾ ಇರುತ್ತೆ. ಗಾಜು ಕ್ಲಿಯರ್ ಮಾಡೋದು ಎಸಿ, ಗಾಳಿಯ ತೇವ ಹೀರ್ಕೊಳೋದು ಅದೇ, ಟೆಂಪರೇಚರ್ 22, 23ಕ್ಕೆ ಇಟ್ಟು ಎಸಿ ಹಾಕಿದ್ರೆ ಸಾಕು. ನಾನು ಇದನ್ನ ಗೇಜ್ ಮುಂದೆ ಇಟ್ಕೊಂಡೇ ನೋಡಿದ್ದು, ಮೂಡಿಗೆರೆ ಹತ್ರ ಜಡಿಮಳೇಲಿ ನಿಲ್ಸಿದ್ದಾಗ ಬಿಸಿ ಗಾಳಿ ಫುಲ್ ಇಟ್ರೆ ಆರ್‌ಪಿಎಂ 1,200 ಬಿಟ್ಟು ಇಳೀಲೇ ಇಲ್ಲ, 23ಕ್ಕೆ ಇಳಿಸಿದ್ಮೇಲೆ ಅರ್ಧ ನಿಮಿಷದಲ್ಲಿ ಎಂಜಿನ್ ಆಫ್. ಮನೆಯಿಂದ ಎರಡು ಕಿಲೋಮೀಟರ್ ಸ್ಕೂಲು, ವಾಪಸ್ ಬಂದು ಆರಿದ್ಮೇಲೆ ಇನ್ನೊಂದು ಸಲ ಸಂತೆಗೆ ಅಂತ ತುಂಡು ತುಂಡಾಗಿ ಓಡ್ಸಿದ್ರೂ ಇದೇ ಕಥೆ, ಎಂಜಿನ್ ಬಿಸಿ ಮಾಡೋದ್ರಲ್ಲೇ ಎಣ್ಣೆ ಮುಗಿಯುತ್ತೆ. ಎರಡು ಕೆಲಸ ಒಂದೇ ಸುತ್ತಲ್ಲಿ ಮುಗಿಸ್ಕೊಳಿ.

ನಮ್ಮ ಗಾಡೀಲಿ ಕೂಲೆಂಟ್ 86. ಎಂಜಿನ್ ಬಿಸಿ ಸರಿ ಇತ್ತು.

ಫ್ಯೂಯೆಲ್ ಟ್ರಿಮ್ ಏನ್ ಹೇಳುತ್ತೆ

ಇದು ಹೆದರ್ಸೋ ಹೆಸರು, ವಿಷಯ ಸುಲಭ. ಎಂಜಿನ್ ಹೊಗೆ ಹೋಗೋ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಕಂಪ್ಯೂಟರ್ ಎಣ್ಣೆನ ಸ್ವಲ್ಪ ಜಾಸ್ತಿ, ಸ್ವಲ್ಪ ಕಮ್ಮಿ ಮಾಡ್ತಾ ಇರುತ್ತೆ, ಎಷ್ಟು ಪರ್ಸೆಂಟ್ ಅಂತ ತೋರ್ಸೋದೇ ಟ್ರಿಮ್. ಶಾರ್ಟ್, ಲಾಂಗ್ ಅಂತ ಎರಡು ಇರ್ತವೆ, ಎರಡನ್ನೂ ಕೂಡಿಸಿ ನೋಡಿ. ಸೊನ್ನೆಯ ಆಕಡೆ ಈಕಡೆ ಐದು ಇದ್ರೆ ನಿಶ್ಚಿಂತೆ, 10 ದಾಟಿದ್ರೆ ಹುಡುಕಬೇಕು. ಪ್ಲಸ್ ಜಾಸ್ತಿ ಇದ್ರೆ ಎಂಜಿನ್‌ಗೆ ಲೆಕ್ಕಕ್ಕೆ ಸಿಗದ ಗಾಳಿ ಹೋಗ್ತಿದೆ, ಇಲ್ಲಾ ಎಣ್ಣೆ ಸಾಕಾಗ್ತಿಲ್ಲ. ನಿಂತಾಗ ಜಾಸ್ತಿ, ಓಡುವಾಗ ಕಡಿಮೆ ಅಂದ್ರೆ ವ್ಯಾಕ್ಯೂಮ್ ಪೈಪ್ ಸೀಳಿರೋ ಛಾನ್ಸ್, ಓಡುವಾಗ್ಲೇ ಏರ್ತಾ ಹೋದ್ರೆ ಎಂಎಎಫ್ ಸೆನ್ಸರ್ ಗಲೀಜಾಗಿರಬಹುದು ಇಲ್ಲಾ ಫ್ಯೂಯೆಲ್ ಪಂಪ್ ಸೋತಿರಬಹುದು. ಹೈಬ್ರಿಡ್‌ನಲ್ಲಿ ಐಡ್ಲಿಂಗ್ ಸಿಗೋದೇ ಕಷ್ಟ, ಬೆಳಿಗ್ಗೆ ತಣ್ಣಗಿದ್ದು ಸ್ಟಾರ್ಟ್ ಆಗಿ ಬಿಸಿ ಆಗ್ತಿರುತ್ತಲ್ಲ, ಆವಾಗ ಸ್ಟೇಟಸ್ ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಎಣ್ಣೆ ತಿದ್ದೋಕೆ ಶುರು ಮಾಡಿದೆ) ಅಂತ ಬಂದ್ಮೇಲೆ ನೋಡ್ಕೊಬೇಕು.

ತೋಟದ ಮನೇಲಿ ಗಾಡಿ ನಿಲ್ಸೋರು ಏರ್ ಫಿಲ್ಟರ್ ಡಬ್ಬಿ ಒಂದ್ಸಲ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟಿರುತ್ತೆ, ವೈರೂ ಪೈಪೂ ಕಡ್ದಿರುತ್ತೆ. ಎಂಎಎಫ್ ತೊಳೆಯೋದಾದ್ರೆ ಅದಕ್ಕೇ ಅಂತ ಸಿಗೋ ಸ್ಪ್ರೇ ಮಾತ್ರ, ಒಳಗಿನ ತಂತಿ ಕೂದಲಿಗಿಂತ ಸಣ್ಣ, ಬಟ್ಟೆ ಬೆರಳು ಏನೂ ಮುಟ್ಟಿಸಬೇಡಿ.

ನಮ್ಮ ಟ್ರಿಮ್ ಪ್ಲಸ್ 2. ಅಲ್ಲೂ ಏನಿಲ್ಲ. ಕೂಲೆಂಟ್ ಸರಿ, ಟ್ರಿಮ್ ಸರಿ, ಅಂದ್ಮೇಲೆ ಎಂಜಿನ್ ತನ್ನ ಕೆಲಸ ಸರಿಯಾಗೇ ಮಾಡ್ತಿದೆ, ಅದು ಮಾಡಿದ್ದನ್ನ ಬೇರೆ ಯಾರೋ ತಿಂತಿದಾರೆ. ನನಗೆ ಹುಡುಕಾಟ ತಿರುಗಿದ್ದು ಇಲ್ಲೇ, ಯಾಕಂದ್ರೆ ಅಲ್ಲಿ ತನಕ ನಾನು ಬಾನೆಟ್ ಒಳಗೇ ತಲೆ ಇಟ್ಕೊಂಡಿದ್ದೆ.

ಉರುಳಿಸಿ ನೋಡೋ ಪರೀಕ್ಷೆ

ಮೊದಲು ಗಾಳಿ. ಡ್ರೈವರ್ ಡೋರ್ ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕ್ಕರಲ್ಲಿ ಎಷ್ಟು ಪಿಎಸ್ಐ ಅಂತ ಇರುತ್ತೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟು ಹಾಕ್ಸಿ. ನಮ್ಮದರಲ್ಲಿ ಒಂದು ಟೈರ್ ಮೂರು ಪಿಎಸ್ಐ ಕಮ್ಮಿ ಇತ್ತು, ಸರಿ ಮಾಡಿದ್ರೂ ಮೈಲೇಜಲ್ಲಿ ಹೇಳ್ಕೊಳೋ ಅಂಥ ಬದಲಾವಣೆ ಬರ್ಲಿಲ್ಲ.

ಆಮೇಲೆ ಇದನ್ನ ಮಾಡಿ. ಬೇಲೂರು ದಾಟಿ ಹಾಸನದ ಕಡೆ ಹೋಗುವಾಗ ಒಂದು ಕಡೆ ಅರ್ಧ ಕಿಲೋಮೀಟರ್ ಮಟ್ಟಸ ರೋಡ್ ಸಿಗುತ್ತೆ, ಬೆಳಿಗ್ಗೆ ಆರಕ್ಕೆ ಅಲ್ಲಿ ಯಾರೂ ಇರಲ್ಲ. ಗಾಡಿ ಚೆನ್ನಾಗಿ ಬಿಸಿ ಆಗಿರಬೇಕು. 55ಕ್ಕೆ ಏರ್ಸಿ ನ್ಯೂಟ್ರಲ್‌ಗೆ ಹಾಕಿ, ಗೇಜಲ್ಲಿ ಸ್ಪೀಡ್ 50 ಆದಾಗಿಂದ 30 ಆಗೋ ತನಕ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತೋರು ಮೊಬೈಲಲ್ಲಿ ಎಣಿಸ್ಲಿ. ತಿರುಗಿಸ್ಕೊಂಡು ಬಂದು ಆ ಕಡೆಯಿಂದ್ಲೂ ಒಂದ್ಸಲ ಮಾಡಿ, ಗಾಳಿ ಇಳಿಜಾರು ಎರಡರ ಪ್ರಭಾವಾನೂ ಸಮ ಆಗುತ್ತೆ. ನ್ಯೂಟ್ರಲ್ಲಲ್ಲಿ ಬ್ಯಾಟರಿ ಚಾರ್ಜ್ ಆಗಲ್ಲ, ರೀಜೆನ್ ಬ್ರೇಕೂ (ಮೋಟರೇ ಗಾಡೀನ ನಿಧಾನ ಮಾಡ್ತಾ ಬ್ಯಾಟರಿ ತುಂಬ್ಸೋದು) ಇರಲ್ಲ, ಅದಕ್ಕೇ ಉರುಳೋಕೆ ಏನು ಅಡ್ಡ ಬರ್ತಿದೆ ಅನ್ನೋದು ಮಾತ್ರ ಕಾಣುತ್ತೆ. ಖಾಲಿ ಮಟ್ಟಸ ರೋಡಲ್ಲಿ ಮಾತ್ರ ಇದು, ಘಾಟಿ ಇಳಿಯುವಾಗ ಯಾವ ಕಾರಣಕ್ಕೂ ನ್ಯೂಟ್ರಲ್ ಮುಟ್ಟಬೇಡಿ.

ನಮ್ಮದು 22 ಸೆಕೆಂಡ್. ಅದು ಜಾಸ್ತೀನಾ ಕಮ್ಮೀನಾ ಹೇಳೋಕೆ ಚೆನ್ನಾಗಿದ್ದ ಕಾಲದ ಲೆಕ್ಕ ನನ್ನ ಹತ್ರ ಇರ್ಲಿಲ್ಲ. ಹಾಸನದಲ್ಲಿ ನಮ್ಮ ಭಾವನ ಹತ್ರ ಅದೇ ಗಾಡಿ ಇದೆ, ಭಾನುವಾರ ಬೆಳಿಗ್ಗೆ ಅವರನ್ನ ಎಬ್ಬಿಸಿ "ಭಾವ, ಒಂದು ಅರ್ಧ ಗಂಟೆ ಗಾಡಿ ತಗೊಂಡು ಬನ್ನಿ" ಅಂತ ಕರ್ಕೊಂಡು ಹೋದೆ. ಅದೇ ರೋಡು, ಅದೇ ಸ್ಪೀಡು, ಅವರದ್ದು 31 ಸೆಕೆಂಡ್. ನಮ್ಮ ಗಾಡಿ ಒಂಬತ್ತು ಸೆಕೆಂಡ್ ಮುಂಚೆನೇ ಸೋಲ್ತಿತ್ತು. ಎಂಜಿನ್ ಅಲ್ಲ, ಎಣ್ಣೆ ಅಲ್ಲ, ಓಡ್ಸೋ ರೀತಿ ಅಲ್ಲ, ಚಕ್ರಾನ ಏನೋ ಹಿಡ್ಕೊಂಡಿದೆ.

ಅಲ್ಲಿಂದ ಬ್ರೇಕ್ ಆದಷ್ಟು ಕಮ್ಮಿ ಒತ್ತಿ ಹತ್ತು ಕಿಲೋಮೀಟರ್ ಓಡ್ಸಿ ನಿಲ್ಸಿ ನಾಲ್ಕೂ ಬ್ರೇಕ್ ಡಿಸ್ಕ್‌ಗೆ ದೂರದಿಂದ ಅಳೆಯೋ ಥರ್ಮಾಮೀಟರ್ ಹಿಡಿದೆ. ಮೂರು ಚಕ್ರ 45ರ ಆಸುಪಾಸು, ಹಿಂದಿನ ಎಡಗಡೆದು 138 ಡಿಗ್ರಿ. ಥರ್ಮಾಮೀಟರ್ ಇಲ್ದೇ ಇದ್ರೆ ಅಂಗೈನ ಚಕ್ರದಿಂದ ಒಂದು ಗೇಣು ದೂರ ಹಿಡೀರಿ, ಕಾವು ಗೊತ್ತಾಗುತ್ತೆ, ಡಿಸ್ಕ್ ಮುಟ್ಟಬೇಡಿ ಸುಟ್ಟೋಗುತ್ತೆ.

ಬಿಚ್ಚಿದಾಗ ಕಂಡಿದ್ದು

ಮೆಕ್ಯಾನಿಕ್ ಅಣ್ಣ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನ ಡಿಸ್ಕ್‌ಗೆ ಒತ್ತೋ ಭಾಗ) ಬಿಚ್ಚಿದಾಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಕ್ಯಾಲಿಪರ್ ಆಕಡೆ ಈಕಡೆ ಜಾರೋಕೆ ಎರಡು ಪಿನ್ ಇರ್ತವೆ, ಬೆರಳು ದಪ್ಪ, ಮೇಲೆ ರಬ್ಬರ್ ಮುಸುಕು. ಕೆಳಗಿನ ಪಿನ್ನಿನ ಮುಸುಕು ಒಂದು ಕಡೆ ಸೀಳಿತ್ತು, ಒಳಗೆ ನೀರು ಹೋಗಿ ಗ್ರೀಸ್ ಹುಣಸೇಹಣ್ಣು ಕಿವುಚಿದಂಗೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಪಿನ್ನನ್ನ ಕಚ್ಕೊಂಡಿತ್ತು. ಕೈಲಿ ತಿರುಗಿಸಿದ್ರೆ ಅಲ್ಲಾಡ್ಲಿಲ್ಲ, ತುಕ್ಕು ಬಿಡ್ಸೋ ಎಣ್ಣೆ ಹೊಡೆದು ಕಾಲು ಗಂಟೆ ಬಿಟ್ಟು ಇಕ್ಕಳದಲ್ಲಿ ತಿರುಗಿಸ್ತಾ ತಿರುಗಿಸ್ತಾ ಎಳೆದಾಗ ಕಿರ್ ಅಂತ ಬಂತು. ಪ್ಯಾಡ್ ತೆಗೆದ್ರೆ ಒಳಗಡೆದು ಕಬ್ಬಿಣದ ತಗಡು ಕಾಣೋಷ್ಟು ಸವೆದಿತ್ತು, ಹೊರಗಡೆದು ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು. ಒಂದು ಪ್ಯಾಡ್ ಸವೆದು ಇನ್ನೊಂದು ಹೊಸದರ ಹಾಗೆ ಕಂಡ್ರೆ ಪಿನ್ ಜಾಮ್ ಅನ್ನೋದಕ್ಕೆ ಅದೇ ಗುರುತು.

"ಮಾಮೂಲಿ ಗಾಡೀಲಿ ಇಷ್ಟು ಬೇಗ ಹಿಡಿಯಲ್ಲ ಸಾರ್, ಇದ್ರಲ್ಲಿ ಬ್ರೇಕಿಗೆ ಕೆಲಸಾನೇ ಇಲ್ವಲ್ಲ" ಅಂದ್ರು ಅವರು. ಸರಿಯಾದ ಮಾತು. ಹೈಬ್ರಿಡ್‌ನಲ್ಲಿ ಮೆತ್ತಗೆ ಬ್ರೇಕ್ ಒತ್ತಿದ್ರೆ ಗಾಡಿ ನಿಧಾನ ಮಾಡೋದು ಮೋಟರ್, ಪ್ಯಾಡು ಡಿಸ್ಕ್‌ಗೆ ತಾಗೋದೇ ಅಪರೂಪ. ಹಾಗಾಗಿ ಪಿನ್ ಜಾರಲ್ಲ, ಡಿಸ್ಕ್ ಬಿಸಿ ಆಗಿ ನೀರು ಆರಲ್ಲ, ನಾಲ್ಕು ತಿಂಗಳು ಬಿಡದೇ ಸುರಿಯೋ ಕಡೆ ತುಕ್ಕು ಹಿಡಿಯೋಕೆ ಇನ್ನೇನು ಬೇಕು. ಪಿನ್ನನ್ನ ಎಮರಿ ಪೇಪರಲ್ಲಿ ಉಜ್ಜಿ, ಹೊಸ ಮುಸುಕು ಹಾಕಿ, ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿದ್ರು. ಬೇರಿಂಗ್‌ಗೆ ಹಾಕೋ ಮಾಮೂಲಿ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದ್ಕೊಂಡು ಮತ್ತೆ ಜಾಮ್ ಆಗುತ್ತೆ. ಇನ್ನೊಂದು ಎಚ್ಚರಿಕೆ, ಕೆಲವು ಹೈಬ್ರಿಡ್‌ಗಳಲ್ಲಿ ಡೋರ್ ತೆಗೆದ್ರೆ ಸಾಕು ಬ್ರೇಕ್ ಪಂಪ್ ತಾನೇ ಪ್ರೆಷರ್ ಕಟ್ಟುತ್ತೆ, ಕ್ಯಾಲಿಪರ್ ಬಿಚ್ಚಿಟ್ಟಾಗ ಕೈ ಸಿಕ್ರೆ ಕಷ್ಟ, ಪಿಸ್ಟನ್ನೂ ಹೊರಗೆ ಬರಬಹುದು. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ರೆ ಅದನ್ನೂ ಸರ್ವಿಸ್ ಮೋಡ್‌ಗೆ ಹಾಕ್ಬೇಕು. ಗೊತ್ತಿರೋರ ಹತ್ರಾನೇ ಮಾಡ್ಸಿ.

ಮಾರನೇ ದಿನ ಅದೇ ರೋಡಲ್ಲಿ 30 ಸೆಕೆಂಡ್ ಬಂತು.

ದೋಷ ಅಲ್ಲದೇ ಇರೋದನ್ನ ದೋಷ ಅನ್ಕೋಬೇಡಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ಯಾಟರಿ ಬೇಗ ತುಂಬ್ಕೊಳುತ್ತೆ, ತುಂಬಿದ್ಮೇಲೆ ರೀಜೆನ್ ನಿಂತು ಎಂಜಿನ್ ಗುಂಯ್ ಅಂತ ಎರಡು ಮೂರು ಸಾವಿರ ಆರ್‌ಪಿಎಂಗೆ ಏರುತ್ತೆ. ಫಸ್ಟ್ ಟೈಮ್ ಕೇಳಿದೋರು ಹೆದರ್ತಾರೆ. ಗೇಜಲ್ಲಿ ಲೀಟರ್ ಪರ್ ಅವರ್ ನೋಡಿ, ಸೊನ್ನೆ ಇರುತ್ತೆ. ಎಣ್ಣೆ ಕಟ್ ಮಾಡಿ ಎಂಜಿನ್‌ನ ಬರೀ ಬ್ರೇಕ್ ಥರ ತಿರುಗಿಸ್ತಿದೆ, ಅದು ಗಾಡೀನ ಕಾಪಾಡೋ ವ್ಯವಸ್ಥೆ. ಗೇರ್ ಲಿವರಲ್ಲಿ ಬಿ ಅಂತ ಇರೋದೂ ಇದಕ್ಕೇ, ಉದ್ದ ಘಾಟಿಗೆ ಹಾಕ್ಕೊಳಿ, ಮೈಲೇಜ್ ಜಾಸ್ತಿ ಬರುತ್ತೆ ಅಂತ ಊರೊಳಗೆ ಹಾಕ್ಕೊಂಡು ಓಡಾಡಬೇಡಿ, ಅಲ್ಲಿ ನಷ್ಟಾನೇ. ಹತ್ತುವಾಗ ಮೈಲೇಜ್ 8, 9 ಅಂತ ತೋರ್ಸಿದ್ರೂ ಗಾಬರಿ ಬೇಡ, ಹತ್ತಿ ಇಳಿದು ಬಂದ್ಮೇಲಿನ ಟ್ರಿಪ್ ಸರಾಸರಿ ನೋಡಿ.

ಆದ್ರೆ ಮಟ್ಟಸ ರೋಡಲ್ಲೇ ಬ್ಯಾಟರಿ ಚಾರ್ಜ್ ಸರಸರ ಏರಿಳೀತಿದ್ರೆ, ಇಲ್ಲಾ ಬ್ಯಾಟರಿ ಟೆಂಪರೇಚರ್ 45 ದಾಟಿ ಫ್ಯಾನ್ ಜೋರಾಗಿ ಕೂಗ್ತಿದ್ರೆ ಹಿಂದಿನ ಸೀಟಿನ ಹತ್ರ ಇರೋ ಗಾಳಿ ಕಿಂಡಿ ನೋಡಿ. ನಮ್ಮ ಪರಿಚಯದೋರ ಗಾಡೀಲಿ ಕಾಫಿ ಮೂಟೆ ಅದಕ್ಕೇ ಒರಗಿಸಿ ಇಟ್ಟಿದ್ರು, ಫಿಲ್ಟರ್ ಪೂರ್ತಿ ಸಿಪ್ಪೆ ಧೂಳು. ಬ್ಯಾಟರಿಯ ಈ ನಂಬರ್‌ಗಳು ಗೇಜಿನ ಮಾಮೂಲಿ ಲಿಸ್ಟಲ್ಲಿ ಸಿಗಲ್ಲ, ಆಯಾ ಗಾಡಿಗೆ ಅಂತ ಇರೋ ಬೇರೆ ಕೋಡ್ ಗೇಜಿಗೆ ಹಾಕ್ಕೋಬೇಕು.

ಗೇಜ್‌ನ ಹಾಗೇ ಬಿಟ್ಟು ಊರಿಗೆ ಹೋಗಬೇಡಿ. ಪೋರ್ಟಿನ 16ನೇ ಪಿನ್ನಲ್ಲಿ ಗಾಡಿ ಆಫ್ ಆದ್ರೂ ಕರೆಂಟ್ ಇರುತ್ತೆ, ಹೈಬ್ರಿಡ್‌ನ 12 ವೋಲ್ಟ್ ಬ್ಯಾಟರಿ ಚಿಕ್ಕದು, ಹತ್ತು ದಿನ ಬಿಟ್ಟು ಬಂದ್ರೆ ರೆಡಿ ಲೈಟೇ ಬರ್ದೇ ಇರಬಹುದು. ರೆಡೀಲಿ ವೋಲ್ಟೇಜ್ 14ರ ಹತ್ರ ಇರ್ಬೇಕು, ಬೆಳಿಗ್ಗೆ ರೆಡಿಗೆ ತರೋ ಮುಂಚೆ 12ಕ್ಕಿಂತ ಕೆಳಗೆ ಕಂಡ್ರೆ ಆ ಬ್ಯಾಟರಿ ಚೆಕ್ ಮಾಡ್ಸಿ.

ಈಗ ನಮ್ಮ ಗಾಡಿ ಮೂರು ಟ್ಯಾಂಕ್ ಸರಾಸರಿ 21.6. ಗ್ಲೋವ್ ಬಾಕ್ಸಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟು ಚೆನ್ನಾಗಿರೋ ದಿನದ ಲೆಕ್ಕ ಬರ್ದಿಟ್ಟಿದೀನಿ: ಕೂಲೆಂಟ್ 86, ಟ್ರಿಮ್ ಪ್ಲಸ್ 2, 50ರಿಂದ 30ಕ್ಕೆ 30 ಸೆಕೆಂಡ್, ರೆಡೀಲಿ 14.1 ವೋಲ್ಟ್. ಮಳೆ ಶುರು ಆಗೋಕೆ ಮುಂಚೆ ಒಂದ್ಸಲ, ಮುಗಿದ್ಮೇಲೆ ಒಂದ್ಸಲ ನಾಲ್ಕೂ ಚಕ್ರದ ಪಿನ್ ಬಿಚ್ಚಿಸಿ ಗ್ರೀಸ್ ಹಾಕ್ಸೋದು ಅಂತ ಆ ಪುಟದ ಕೆಳಗೇ ಬರ್ಕೊಂಡಿದೀನಿ.